ಗಾಳಿ ಸಾಲದ ಗಂಟು

ಚೌಕಾಶಿಯಲ್ಲಿ ಗೆಲ್ಲುವುದು ಬಾಯಿಯಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಗೆಲ್ಲುವುದು ಬೆನ್ನಿನಿಂದ. ಬೇಕೆನಿಸಿದ ಮಾಲನ್ನು ಕೈಯಲ್ಲಿ ಹಿಡಿದು ನೋಡಬೇಕು, ಮುಖ ಸ್ವಲ್ಪ ಸಪ್ಪಗೆ ಮಾಡಬೇಕು, 'ಇರಲಿ ಬಿಡ್ರಿ' ಅಂದು ಬೆನ್ನು ತಿರುಗಿಸಿ ಅಂಗಡಿಯ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಅವಸರ ಕೂಡದು, ಹಿಂದಕ್ಕೆ ನೋಡಲೂ ಕೂಡದು. ಎದುರಿನ ಹೋಟೆಲಿನಲ್ಲಿ ಕೂತು ಚಹಾ ಮುಗಿಸುವುದರೊಳಗೆ ಅಂಗಡಿಯವನೇ ಬಂದು, 'ಏನ್ ಸಾವಕಾರ್ರ, ಹಿಂಗ ಸಿಟ್ಟ ಮಾಡಿ ಹೋದ್ರ ಹ್ಯಾಂಗ?' ಎನ್ನುತ್ತಾನೆ. ಆಮೇಲೆ ಧಾರಣೆ ನೀವು ಹೇಳಿದ್ದೇ. ಹುಮನಾಬಾದಿನ ಬಜಾರದಲ್ಲಿ ಹಮಾಲನಾಗಿ ಚೀಲ ಹೊತ್ತು, ಅದೇ ಬಜಾರದಲ್ಲಿ ರೈತರ ಕಾಳು ಮಾರಿಸುವ ಸ್ವಂತ ಅಡತಿ ಅಂಗಡಿ ಹಾಕಿದವನು ನಾನು. ನನಗೆ ಬಂದ ವಿದ್ಯೆ ಇದೊಂದೇ. ಕೇಳಿದವರಿಗೂ ಕೇಳದವರಿಗೂ ಇದನ್ನು ಧಾರಾಳವಾಗಿ ಹೇಳಿಕೊಟ್ಟಿದ್ದೇನೆ.

ನನ್ನ ಕೈ ಹಿಡಿದದ್ದು ಹಗೇವಿನ ಜೋಳ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಕಡೆ ಮೊದಲು ನೆಲದೊಳಗೆ ಬಾವಿಯ ಹಾಗೆ ಕುಣಿ ತೋಡಿ, ಸುತ್ತ ದಂಟು-ಹೊಟ್ಟು ಹಾಸಿ, ಒಳಗೆ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡಬಾರದು. ಗಾಳಿಯಿಲ್ಲದೆ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಬಾಯಿ ತೆರೆದ ದಿನ ಮಾತ್ರ ಯಾರೂ ಒಮ್ಮೆಲೇ ಒಳಗೆ ಇಳಿಯಬಾರದು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ಆರಿದರೆ ಒಳಗೆ ಉಸಿರಿಲ್ಲವೆಂದು ಅರ್ಥ. ತೊಂಬತ್ತರ ದಶಕದಲ್ಲಿ ಜನ ಹಗೇವು ಬಿಡತೊಡಗಿದರು. ಯಾರ ಮನೆಯ ಹಗೇವಿನಲ್ಲಿ ಇನ್ನೂ ಜೋಳ ಇದೆ ಎಂದು ಕೊಡಂಬಲ, ಮುಡಬಿ, ಮೋರಖಂಡಿ ಸುತ್ತಿ ಪತ್ತೆ ಮಾಡುವುದು, ಕೊಂಡ ಮೇಲೂ ಅಲ್ಲೇ ಬಿಡುವುದು, ಧಾರಣೆ ಏರಿದಾಗ ತೆಗೆಸುವುದು, ಇದು ನನ್ನ ವ್ಯಾಪಾರ. ಕಾದವನಿಗೆ ನಷ್ಟವಿಲ್ಲ ಎಂಬುದು ನನಗೆ ನೆಲದೊಳಗಿನ ಜೋಳವೇ ಕಲಿಸಿದ ಪಾಠ.

ಮನೆಯಾಕೆಗೂ ನಾನು ಹೀಗೆಯೇ ಪಾಠ ಹೇಳುತ್ತಿದ್ದೆ. ಸೀರೆ ಅವಳು ಉಡುವುದು, ಆರಿಸುವುದು ನಾನು. ಅವಳು ಮೆಚ್ಚಿದ ಸೀರೆಯನ್ನು ಅಂಗಡಿಯವನ ಮುಂದೆ ಹಳಿದು, ಅವಳನ್ನೂ ಎಬ್ಬಿಸಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಅವಳು ತಿರುಗಿ ತಿರುಗಿ ಆ ಸೀರೆಯನ್ನೇ ನೋಡುವಳು. 'ಹಂಗ ನೋಡಬ್ಯಾಡ, ಅಂವಗ ಗೊತ್ತಾಗ್ತದ' ಎಂದು ಗದರುತ್ತಿದ್ದೆ. ಕೆಲವು ಸಲ ಸೀರೆ ಸಿಗುತ್ತಿತ್ತು. ಕೆಲವು ಸಲ ಅಂಗಡಿಯವನು ಹಿಂದೆ ಬರುತ್ತಲೇ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಒಂದು ಬೆಳಿಗ್ಗೆ ನನಗೆ ರೊಟ್ಟಿ ಬಡಿಸಿ, ಗೋಡೆಯ ಕಡೆ ಮುಖ ಮಾಡಿ ನಿಂತು ಹೇಳಿದಳು:

'ಎದಿ ಮ್ಯಾಗ ಒಂದು ಗಂಟ ಆಗ್ಯಾದ್ರಿ.'

'ಯಾವಾಗಿಂದ?'

'ದೀಪಾವಳಿ ಮೊದಲೇ ಇತ್ತು.'

ಆಗ ಯುಗಾದಿ ಕಳೆದಿತ್ತು. 'ಯಾಕ ಹೇಳಲಿಲ್ಲ?' ಎಂದೆ. 'ಹ್ಯಾಂಗ ಹೇಳ್ಲಿ?' ಎಂದಳು. ಒಂದು ಕಾಳು ಹಲ್ಲಿನಲ್ಲಿ ಕಡಿದು ಅದರ ಹಸಿ ಎಷ್ಟು ಎಂದು ಹೇಳುವ ನನಗೆ, ನನ್ನ ಹೆಂಡತಿ ಅಷ್ಟು ತಿಂಗಳು ಎಡಗೈಯಲ್ಲಿ ಕೊಡ ಎತ್ತದೆ ಇದ್ದದ್ದು ಕಂಡಿರಲಿಲ್ಲ. ನಿಮ್ಮ ಮನೆಯ ಹೆಣ್ಣುಮಕ್ಕಳು ಇಂಥ ಮಾತು ಹೇಳಿದರೆ ಮರುದಿನವೇ ಕರೆದುಕೊಂಡು ಹೋಗಿ. ಅವರು ಹೇಳುವ ತನಕವೂ ಕಾಯಬೇಡಿ, ಕೇಳಿ. ಕೇಳಲು ನಾಚಿಕೆಯಾದರೆ ಮನೆಯ ಇನ್ನೊಬ್ಬ ಹೆಂಗಸಿನಿಂದ ಕೇಳಿಸಿ.

ನಾಚಿಕೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹುಮನಾಬಾದಿನ ಡಾಕ್ಟರ ಮುಂದೆ ಆ ಅಂಗದ ಹೆಸರು ನನ್ನ ಬಾಯಲ್ಲಿ ಬರಲಿಲ್ಲ. 'ಏನು ತ್ರಾಸ?' ಎಂದು ಕೇಳಿದರು. 'ಅದೇನಂದ್ರ ಡಾಕ್ಟರ್ ಸಾಹೇಬ್ರ, ಇಲ್ಲಿ' ಎಂದು ನನ್ನ ಅಂಗಿಯ ಕಿಸೆ ಮುಟ್ಟಿ ತೋರಿಸಿದೆ. ಅವರು ನನಗೇ ಹಾಸಿಗೆಯ ಮೇಲೆ ಮಲಗೆಂದು ಹೇಳಿ ಎದೆಯ ಮೇಲೆ ನಳಿಕೆ ಇಟ್ಟರು. ಮನೆಯಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಷ್ಟು ಹೆದರಿಕೆಯಲ್ಲೂ ಅವಳಿಗೆ ನಗು ಬಂತು. 'ರೋಗ ನಂದ್ರಿ, ಇವರದಲ್ಲ' ಎಂದು ಅವಳೇ ಮುಂದೆ ಬಂದಳು. ಡಾಕ್ಟರು ನೋಡಿ, ಮುಖ ಗಂಭೀರ ಮಾಡಿ, ತಡಮಾಡದೆ ಹೈದರಾಬಾದಿಗೆ ಹೋಗಿರಿ ಎಂದರು.

ಹೈದರಾಬಾದಿನ ಆ ದೊಡ್ಡ ಆಸ್ಪತ್ರೆಯಲ್ಲಿ ನಾವು ಎಲ್ಲರಿಗೂ ದಾರಿ ಬಿಡುತ್ತ ಗೋಡೆಗೆ ಒರಗಿ ನಿಂತಿದ್ದಾಗ, ಬಿಳಿ ಕೋಟಿನ ಒಬ್ಬ ಹುಡುಗಿ ಹೋದವಳು ತಿರುಗಿ ಬಂದಳು. ಮನೆಯಾಕೆಯ ಮುಂಗೈ ನೋಡಿ ಕೇಳಿದಳು:

'ಕಾಕಿ, ಈ ಬಳಿ ಕಲ್ಯಾಣದಾಗ ಇಟ್ಕೊಂಡೀರಿ, ಹೌದಲ್ರಿ?'

ಬಸವಕಲ್ಯಾಣ ಮನೆಯಾಕೆಯ ತವರು. ಅಲ್ಲಿ ಕೋಟೆಯ ಕಡೆಯ ಬಜಾರದಲ್ಲಿ ಬಳೆ ಅಂಗಡಿ ಇಟ್ಟ ಮುಸಲ್ಮಾನ ಮನೆತನವೊಂದು ತಲೆತಲಾಂತರದಿಂದ ಇದೆ. ನಮ್ಮ ಮದುವೆಯ ಬಳೆಯೂ ಅಲ್ಲಿಯದೇ. ಈ ಹುಡುಗಿ ಆ ಬಳೆಗಾರರ ಮಗಳು. ಹೈದರಾಬಾದಿನಲ್ಲಿ ಓದಿ, ಆಸ್ಪತ್ರೆಗೆ ಹೊಂದಿದ ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳನ್ನು ಕಂಡ ಮೇಲೆ ಮನೆಯಾಕೆಯ ಕಾಲಿಗೆ ನೆಲ ಸಿಕ್ಕಿತು. ಯಾವ ಬಾಗಿಲು, ಯಾವ ಸಾಲು, ಬಟ್ಟೆ ಎಲ್ಲಿ ಕಳಚಬೇಕು, ಎಲ್ಲದಕ್ಕೂ ಹುಡುಗಿಯೇ ಜೊತೆ ಬಂದಳು.

ಆಪರೇಷನ್ನಿನ ಹಿಂದಿನ ಸಂಜೆ ಅವಳು ಹಾಸಿಗೆಯ ಬಳಿ ಕೂತು ತನ್ನ ಕೆಲಸದ ಮಾತು ಎತ್ತಿದಳು.

'ಕಾಕಿ, ತೆಗೆದ ಗಂಟಿನ್ಯಾಗ ಒಂದು ಸಣ್ಣ ತುಣುಕು ನಮಗ ಅಭ್ಯಾಸಕ್ಕ ಕೊಡ್ತೀರೇನ್ರಿ? ನಿಮ್ಮ ಇಲಾಜಿಗೂ ಇದಕ್ಕೂ ಸಂಬಂಧ ಇಲ್ಲ. ಕೊಟ್ರೂ ನಡೀತದ, ಬಿಟ್ರೂ ನಡೀತದ.'

'ಏನು ನೋಡ್ತೀ ಅದರಾಗ?'

'ಉಸಿರು ಕಮ್ಮಿ ಆದಾಗ ಅದು ಏನು ಮಾಡ್ತದ ಅಂತ ನೋಡ್ತೀನ್ರಿ.'

ಮನೆಯಾಕೆ ನನ್ನ ಮುಖ ನೋಡಲಿಲ್ಲ. 'ತಗೋ' ಎಂದಳು. 'ಇಷ್ಟು ಮಂದಿ ಬಿಚ್ಚಿ ನೋಡ್ಯಾರ. ಒಬ್ಬಾಕಿ ಆದ್ರೂ ಓದಿ ನೋಡಲಿ. ನನ್ನದು ಅಂತ ಒಂದು ಕೊಟ್ಟಂಗ ಆಗ್ತದ.'

ನಮ್ಮ ಸಂಸಾರದಲ್ಲಿ ನನ್ನನ್ನು ಕೇಳದೆ ಅವಳು ಯಾರಿಗಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು. ಹುಡುಗಿ ನನ್ನ ಕಡೆ ತಿರುಗಿ, ತನ್ನ ಮೇಲಿನವರು ಮನೆಯವರ ಒಪ್ಪಿಗೆಯನ್ನೂ ಕೇಳುತ್ತಾರೆಂದೂ, ನಾನೂ ಹೂಂ ಅಂದರೆ ಆಯಿತೆಂದೂ ಹೇಳಿದಳು.

'ನೋಡೋಣು' ಎಂದೆ ನಾನು.

ಕೊಡಬಾರದೆಂದು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಆದರೆ ಒಬ್ಬರು ಬೇಕೆಂದು ಕೇಳಿದ ವಸ್ತುವಿಗೆ ಬೆಲೆ ಇದ್ದೇ ಇರುತ್ತದೆ, ಕೇಳಿದ ಕೂಡಲೇ ಕೊಟ್ಟರೆ ಆ ಬೆಲೆ ಹೋಗುತ್ತದೆ ಎಂದು ನನ್ನ ತಲೆ ತಂತಾನೇ ಲೆಕ್ಕ ಹಾಕಿತು. ಮನೆಯಾಕೆಯ ಹಾಸಿಗೆ ಕಿಟಕಿಯ ಪಕ್ಕಕ್ಕೆ ಆಗಬೇಕಿತ್ತು. ದೊಡ್ಡ ಡಾಕ್ಟರು ದಿನಾ ಖುದ್ದಾಗಿ ಬಂದು ನೋಡಬೇಕಿತ್ತು. ಮೈಯಿಂದ ಬೇರೆಯಾದದ್ದು ಮಣ್ಣಿಗೆ ಸೇರಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಆದ್ದರಿಂದ ಉಳಿದ ಭಾಗವನ್ನು ನಮಗೇ ಕೊಡಿ ಎಂದು ಕೇಳುವುದಿತ್ತು. ಇಷ್ಟನ್ನು ಬಾಯಿಬಿಟ್ಟು ಕೇಳಿದರೆ ಹಗುರಾಗುತ್ತೇನೆ. ಅವರೇ 'ನಿಮಗೇನು ಬೇಕು ಹೇಳ್ರಿ' ಎನ್ನಬೇಕು. ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುದಿನ ಮನೆಯಾಕೆಯನ್ನು ಒಳಗೆ ಒಯ್ದರು. ಹುಡುಗಿ ಆಪರೇಷನ್ ಕೋಣೆಯ ಹೊರಗೆ ಒಂದು ದಪ್ಪ ಡಬ್ಬಿ ಇಟ್ಟುಕೊಂಡು ನಿಂತಿದ್ದಳು. ಮುಚ್ಚಳ ಸರಿಸಿದರೆ ಬಿಳಿಯ ಹೊಗೆ ಏಳುವುದು. ಅದು ಬೆಂಕಿಯ ಹೊಗೆಯಲ್ಲ, ಬರ್ಫಕ್ಕಿಂತಲೂ ಎಷ್ಟೋ ಪಾಲು ಹೆಚ್ಚಿನ ಥಂಡಿಯದು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಒಬ್ಬ ನರ್ಸು ಮುಚ್ಚಿದ ತಟ್ಟೆ ತಂದು ಅವಳ ಕೈಗೆ ಕೊಟ್ಟಳು. ಹುಡುಗಿ ನನ್ನ ಹತ್ತಿರ ಬಂದಳು.

'ಕಾಕಾ, ತುಣುಕು ಬಂತು. ನೀವು ಹೂಂ ಅಂದ್ರ ಸಾಕು, ಡಬ್ಬಿಗೆ ಹಾಕ್ತೀನಿ.'

'ತಡಿ, ಚಹಾ ಕುಡದ ಬರ್ತೀನಿ.'

'ಆಮ್ಯಾಲ ಕುಡೀರಿ ಕಾಕಾ. ಬರೇ ಒಂದು ಮಾತು...'

ನಾನು ಆಗಲೇ ಬೆನ್ನು ತಿರುಗಿಸಿದ್ದೆ. ಮೆಟ್ಟಿಲು ಇಳಿದೆ. ಅವಸರ ಮಾಡಲಿಲ್ಲ. ಹಿಂದಕ್ಕೂ ನೋಡಲಿಲ್ಲ.

ಕೆಳಗಿನ ಕ್ಯಾಂಟೀನಿನಲ್ಲಿ ಕೂತು ಒಂದು ಚಹಾ ಮುಗಿಸಿದೆ. ಹುಡುಗಿ ಬರಲಿಲ್ಲ. ಇನ್ನೊಂದು ತರಿಸಿದೆ. ಆಗಲೂ ಬರಲಿಲ್ಲ. 'ಅಬ್ಬಾ, ನಮ್ಮ ಕಲ್ಯಾಣದ ಹುಡುಗಿ, ಗಟ್ಟಿ ಅದಾಳ' ಎಂದು ಒಳಗೊಳಗೇ ಮೆಚ್ಚಿದೆ. ಸಂಶೋಧನೆ ಬಿಟ್ಟು ಬಳೆ ಅಂಗಡಿಯಲ್ಲೇ ಕೂತಿದ್ದರೆ ಅಪ್ಪನಿಗಿಂತ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದಳು ಎಂದುಕೊಂಡೆ. ಬಜಾರದವನು ಗಲ್ಲಾಪೆಟ್ಟಿಗೆಗೆ ಕೀಲಿ ಹಾಕಿ ಗಿರಾಕಿಯ ಹಿಂದೆ ಓಡಿಬರಬಲ್ಲ. ಅವಳು ತಟ್ಟೆ ಬಿಟ್ಟು ಎಲ್ಲಿಗೂ ಬರುವಂತಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೇಲೆ ಬಂದಾಗ ಹುಡುಗಿ ಬೆಂಚಿನ ಮೇಲೆ ಕೂತಿದ್ದಳು. ಡಬ್ಬಿಯ ಮುಚ್ಚಳ ಬಿಗಿದಿತ್ತು. ತಟ್ಟೆ ತೊಡೆಯ ಮೇಲಿತ್ತು.

'ಹೂಂ ಅಂತೀನಿ, ಆದ್ರ ನಂದೂ ಒಂದೆರಡು ಮಾತು ಅದಾವ' ಎಂದು ಶುರು ಮಾಡಿದೆ.

'ಈಗ ಬ್ಯಾಡ್ರಿ ಕಾಕಾ. ಹೊತ್ತು ಮೀರಿತು.'

'ಇಷ್ಟರಾಗ ಏನಾಗ್ತದ? ತಟ್ಟಿಯಾಗೇ ಅದಲ್ಲ.'

ಅವಳು ಸಿಟ್ಟು ಮಾಡಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಅವಳು ಸಿಟ್ಟು ಮಾಡಲಿಲ್ಲ. ಹುಡುಗರಿಗೆ ಗಣಿತ ಹೇಳಿದ ಹಾಗೆ ಮೆಲ್ಲಗೆ ಹೇಳಿದಳು:

'ಈ ಗಂಟು ಭಾಳ ಲಗೂ ಬೆಳೀತದ್ರಿ. ರಕ್ತದ ನಾಳ ಅಷ್ಟು ಲಗೂ ಬೆಳೆಯಂಗಿಲ್ಲ. ಅದಕ್ಕ ನಡುವಿನ ಜೀವಕಣಗಳಿಗೆ ಉಸಿರು ಸಾಲಂಗಿಲ್ಲ. ಉಸಿರು ಸಾಲದಿದ್ರ ಸಾಯಬೇಕು. ಕೆಲವು ಸಾಯ್ತಾವು, ಕೆಲವು ಸಾಯಂಗಿಲ್ಲ. ತಮ್ಮ ಒಳಗಿನ ಕೆಲವು ಜೀನ್ ಚಾಲೂ ಮಾಡ್ತಾವು, ಕೆಲವು ಬಂದ್ ಮಾಡ್ತಾವು, ಹ್ಯಾಂಗರ ಮಾಡಿ ಬದುಕ್ತಾವು. ಮೈಯೊಳಗ ಇದ್ದಾಗ ಯಾವ್ಯಾವುದು ಚಾಲೂ ಇತ್ತು, ಅದು ನಮಗ ಬೇಕು. ತುಣುಕು ಹೊರಗ ಬಂದ ಮ್ಯಾಲ ಅದಕ್ಕ ರಕ್ತ ಇಲ್ಲ. ಎಲ್ಲಾ ಕಣಕ್ಕೂ ಉಸಿರು ಕಟ್ಟತದ. ಎಲ್ಲಾವೂ ಚಾಲೂ-ಬಂದ್ ಮಾಡಾಕ ಹತ್ತತಾವು. ಲಗೂ ಥಂಡಿಗೆ ಹಾಕಿದ್ರ ಇದ್ದದ್ದು ಇದ್ದಂಗೇ ನಿಲ್ತದ. ಈಗ ನೋಡಿದ್ರ, ಯಾವುದು ಕಾಕಿ ಮೈಯಾಗ ಆದದ್ದು, ಯಾವುದು ತಟ್ಟಿಯಾಗ ಆದದ್ದು, ತಿಳಿಯಂಗಿಲ್ಲ.'

'ಅಂದ್ರ ಇಷ್ಟೊತ್ತು ಅದು ಜೀವಂತ ಇತ್ತಾ?'

'ಇತ್ರಿ.'

ನಾನು ತಟ್ಟೆಯ ಕಡೆ ನೋಡಲಾರದೆ ಹೋದೆ. ನನ್ನ ಮಟ್ಟಿಗೆ ಮಾಲು ಅಂದರೆ ತಕ್ಕಡಿಯಲ್ಲಿಟ್ಟ ಮೇಲೆ ಅಲುಗದ್ದು. ನಾನು ಸಕ್ಕರೆ ಸಾಲದೆಂದು ಕ್ಯಾಂಟೀನಿನವನ ಕೂಡ ತಕರಾರು ಮಾಡುತ್ತಿದ್ದಾಗ ಇಲ್ಲಿ, ನನ್ನ ಹೆಂಡತಿಯ ಮೈಯ ತುಣುಕು ಉಸಿರಿಗಾಗಿ ಹೋರಾಡುತ್ತಿತ್ತು. 'ಕಾಕಿ ಇಲಾಜಿಗೆ ಏನೂ ತೊಂದ್ರಿ ಇಲ್ರಿ. ರೋಗ ಯಾವ ಥರದ್ದು ಅಂತ ನೋಡೋ ಪಾಲು ಬ್ಯಾರೆ ಹೋಗ್ಯಾದ. ಚಿಂತಿ ಮಾಡಬ್ಯಾಡ್ರಿ' ಎಂದು ಹುಡುಗಿ ನನ್ನನ್ನೇ ಸಮಾಧಾನ ಮಾಡಿದಳು. ಮಗಳ ವಯಸ್ಸಿನವಳು.

ಮನೆಯಾಕೆಗೆ ಎಚ್ಚರವಾದಾಗ ಹುಡುಗಿಯೂ ನಾನೂ ಇಬ್ಬರೂ ಅಲ್ಲೇ ಇದ್ದೆವು. ಒಣಗಿದ ಬಾಯಿಂದ ಅವಳು ಆಡಿದ ಮೊದಲ ಮಾತು:

'ಕೊಟ್ರೇನ್ರಿ?'

ನಾನು ತಲೆಯಾಡಿಸಿದೆ. ಕೊಟ್ಟೆ ಎಂಬಂತೆ. ಹುಡುಗಿ ಸಲೈನ್ ಬಾಟಲಿಯ ಕಡೆ ನೋಡುತ್ತ ನಿಂತಳು. ಮನೆಯಾಕೆ ಕಣ್ಣು ಮುಚ್ಚಿದಳು. ಮುಖದಲ್ಲಿ ಎಂಥ ಸಮಾಧಾನ ಇತ್ತೆಂದರೆ, ಅದನ್ನು ಕೆಡಿಸುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಹೇಳುವವರು ಯಾವಾಗಲೂ ಇದನ್ನೇ ಹೇಳಿಕೊಳ್ಳುತ್ತಾರೆ.

ಆಪರೇಷನ್ ಆದ ಮೇಲೆ ಅವಳು ಬಸವಕಲ್ಯಾಣದಲ್ಲಿ, ತವರುಮನೆಯಲ್ಲಿ ಉಳಿದಳು. ಅಂಗಡಿ ಮುಚ್ಚಿ ನಾನು ಹುಮನಾಬಾದಿನಿಂದ ಬಸ್ಸಿಗೆ ಬರುತ್ತಿದ್ದೆ. ಓಣಿಯ ಹೆಂಗಸರು ಎಳನೀರು, ಬಿಸ್ಕೀಟು ಹಿಡಿದು ನೋಡಲು ಬರುವರು. ಮೊದಮೊದಲು ಕಿವಿಯಲ್ಲಿ ಮಾತಾಡುವರು. ಯಾರೂ ರೋಗದ ಹೆಸರು ಎತ್ತುತ್ತಿರಲಿಲ್ಲ, 'ಅದು' ಎನ್ನುವರು. ಮನೆಯಾಕೆಯೇ ಸೆರಗು ಸರಿಮಾಡಿಕೊಂಡು ಜೋರಾಗಿ ಹೇಳುವಳು:

'ನಾಚಿಕಿ ಯಾಕ? ನಾ ನಾಚಿಕೊಂಡು ಕುಂತದ್ದಕ್ಕೇ ಇಷ್ಟಾತು. ನಂದು ಈಗ ಹೈದರಾಬಾದ್ ಲ್ಯಾಬಿನ್ಯಾಗ ಅದ. ನಮ್ಮ ಬಳಿಗಾರರ ಹುಡುಗಿ ಅದನ್ನ ಓದಾಕತ್ಯಾಳ.'

'ಹಂಗಾರ ನಿನ್ನ ಗಂಟು ನಿನಕಿಂತ ಹೆಚ್ಚ ಸಾಲಿ ಕಲೀತು ಬಿಡವ್ವಾ!' ಎಂದಳು ಪಕ್ಕದ ಮನೆಯ ಮುದುಕಿ.

'ಮತ್ತ! ನಾ ಕಲಿತದ್ದು ಮೂರನೇತ್ತಾ, ಅದು ಕಾಲೇಜ!'

ಹೆಂಗಸರೆಲ್ಲ ನಗುವರು. ನಾನು ಪಡಸಾಲೆಯಲ್ಲಿ ಕೂತು ಚಪ್ಪಲಿಯ ಬಾರು ಬಿಗಿ ಮಾಡಿಕೊಳ್ಳುವೆನು. ಅದು ಬಿಗಿಯಾಗಿಯೇ ಇರುತ್ತಿತ್ತು.

ನಾಚಿಕೆ ಅಷ್ಟಕ್ಕೇ ಮುಗಿಯಲಿಲ್ಲ. ಅವಳು ಸುದ್ದಿ ಕೇಳತೊಡಗಿದಳು. 'ಅದರದು ಏನರ ತಿಳೀತೇನ್ರಿ? ಆ ಹುಡುಗಿಗೆ ಒಂದು ಫೋನ್ ಹಚ್ಚ್ರಲ್ಲ.' ಮಗನ ಪರೀಕ್ಷೆಯ ಫಲಿತಾಂಶ ಕೇಳುವವಳ ಹಾಗೆ. ನಾನು ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಹುಡುಗಿಗೆ ಫೋನು ಮಾಡಿದೆ. ವಿಷಯ ಕೇಳಿ ಅವಳು ಹೇಳಿದಳು:

'ಸುಳ್ಳು ನಾ ಹೇಳಂಗಿಲ್ಲ ಕಾಕಾ. ಬ್ಯಾರೆ ಹೆಣ್ಣುಮಕ್ಕಳ ತುಣುಕಿನ್ಯಾಗ ಏನು ಕಂಡದ, ಅದು ಹೇಳ್ತೀನಿ. ಅದನ್ನ ನೀವು ಕಾಕಿಗೆ ಹ್ಯಾಂಗ ಹೇಳ್ತೀರಿ, ಅದು ನಿಮಗ ಬಿಟ್ಟದ್ದು.'

ಹೀಗೆ ನನಗೆ ಆ ವಿದ್ಯೆಯೂ ಒಂದಿಷ್ಟು ಹತ್ತಿತು. ಬೇರೆ ಬೇರೆ ಊರಿನ ಧಾರಣೆಯನ್ನು ನೆನಪಿನಲ್ಲಿ ಇಡುವ ಹಾಗೆ ಇಡುತ್ತಿದ್ದೆ. ಒಮ್ಮೆ ಹುಡುಗಿ ಹೇಳಿದಳು: ಕಣದೊಳಗೆ ಒಂದು ಪ್ರೋಟೀನು ಸದಾ ಹುಟ್ಟುತ್ತಲೇ ಇರುತ್ತದೆ. ಗಾಳಿ ಸಾಕಷ್ಟಿದ್ದರೆ ಹುಟ್ಟಿದ ಕೂಡಲೇ ಕಣವೇ ಅದನ್ನು ನಾಶ ಮಾಡುತ್ತದೆ. ಗಾಳಿ ಕಡಿಮೆಯಾದರೆ ನಾಶ ಮಾಡಲು ಆಗುವುದಿಲ್ಲ. ಅದು ಉಳಿದು, ಹೆಚ್ಚಿ, ಜೀನುಗಳಿರುವ ಒಳಕೋಣೆಗೆ ಹೋಗಿ ಒಂದೊಂದೇ ಬೀಗ ತೆಗೆಯುತ್ತದೆ. ಒಂದು ಬೀಗ ತೆಗೆದರೆ ಹೊಸ ರಕ್ತನಾಳ ಕರೆಸುವ ಕೆಲಸ ಶುರು. ಇನ್ನೊಂದು ತೆಗೆದರೆ ಉಸಿರಿಲ್ಲದೆ ಸಕ್ಕರೆ ತಿಂದು ಬದುಕುವ ಕೆಲಸ. ಮತ್ತೊಂದು ತೆಗೆದರೆ ಕಣ ಇದ್ದ ಜಾಗ ಬಿಟ್ಟು ಮೈಯಲ್ಲಿ ಬೇರೆ ಕಡೆಗೆ ಹೊರಡುತ್ತದೆ. ಜೀನು ಬದಲಾಗಿರುವುದಿಲ್ಲ, ಇದ್ದವೇ. ಯಾವುದು ತೆರೆದಿದೆ ಯಾವುದು ಮುಚ್ಚಿದೆ ಎಂಬುದಷ್ಟೇ ಬೇರೆ.

ಬೂತಿನವನು ನನ್ನ 'ಉಸಿರು ಕಮ್ಮಿ ಆದ್ರ... ಹಾಂ... ಸಕ್ರಿ ತಿಂತದಾ... ಹಾಂ' ಎಂಬ ಮಾತುಗಳನ್ನೆಲ್ಲ ಕೇಳಿ, 'ಸಾವಕಾರ್ರ, ಜ್ವಾಳ ಬಿಟ್ಟು ಗಾಳಿ ವ್ಯಾಪಾರಕ್ಕ ಇಳದ್ರೇನು?' ಎಂದು ಚುಡಾಯಿಸಿದ. ನಾನು ದುಡ್ಡು ಎಣಿಸಿಟ್ಟು ಬಸ್ಸು ಹಿಡಿದೆ.

ಮನೆಯಾಕೆಗೆ ಇದನ್ನೆಲ್ಲ 'ನಿನ್ನದರಾಗ ಹಿಂಗ ಕಂಡದಂತ' ಎಂದು ಹೇಳಿದೆ. ಅವಳು ಸೊಪ್ಪು ಸೋಸುತ್ತ ಕೇಳಿ ಅಂದಳು:

'ಪಾಪ. ಉಸಿರು ಕಟ್ಟಿದ್ರ ಯಾರರ ಏನು ಮಾಡ್ತಾರು? ಕಿಟಕಿ ಒಡೀತಾರು.'

ತನ್ನನ್ನು ಕೊಲ್ಲಲು ಬಂದ ಗಂಟಿನ ಮೇಲೆ ಅವಳಿಗೆ ಮರುಕ. ಆ ಮಾತು ಗಂಟಿನ ಬಗ್ಗೆಯೋ, ನಮ್ಮ ಮನೆಯಲ್ಲಿ ಅಷ್ಟು ವರ್ಷ ಬಾಳಿದ ತನ್ನ ಬಗ್ಗೆಯೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಇನ್ನೊಂದು ಸಲ, ಗಾಳಿ ಸಾಲದ ಕಣಗಳು ಕರೆಂಟಿಗೆ ಬೇಗ ಬಗ್ಗುವುದಿಲ್ಲವಂತೆ ಎಂದು ಹೇಳಿದೆ. ಕರೆಂಟು ಎಂದರೆ ನಮ್ಮ ಕಡೆ ಆ ರೋಗಕ್ಕೆ ಕೊಡುವ ಕಿರಣದ ಇಲಾಜು. ಅವಳಿಗೂ ಆಪರೇಷನ್ ಆದ ಮೇಲೆ ಕೊಟ್ಟಿದ್ದರು, ಚರ್ಮ ಕಪ್ಪಾಗಿತ್ತು. ಅವಳು ಮುಖ ಅರಳಿಸಿ, 'ಹಂಗಾದ್ರ ನಂದು ನೋಡಿ ಮುಂದಿನಾಕಿಗೆ ಬರೋಬರ್ ಕೊಡ್ತಾರು, ಅಲ್ಲೇನ್ರಿ?' ಎಂದಳು. ನಾನು 'ಹೌದು' ಎಂದೆ. ಕಳಪೆ ಕಾಳಿಗೆ ಮೇಲಿನ ಧಾರಣೆ ಹೇಳುವಾಗಲೂ ನನ್ನ ಕಿವಿ ಅಷ್ಟು ಬಿಸಿಯಾಗಿರಲಿಲ್ಲ.

ಹಾಗೆಯೇ ವರ್ಷ ಒಂದೆರಡು ಕಳೆದವು. ಅವಳ ಎಡಗೈ ಬಾತು ಭಾರವಾಗಿತ್ತು, ಉಳಿದಂತೆ ಹುಷಾರಾಗಿದ್ದಳು. ಒಂದು ಮಧ್ಯಾಹ್ನ ನಾವು ಕಲ್ಯಾಣದ ಮನೆಯಲ್ಲಿದ್ದಾಗ ಮೋರಖಂಡಿಯಿಂದ ಅವಳ ಚಿಕ್ಕಪ್ಪನ ಮಗಳೂ ಆಕೆಯ ಗಂಡನೂ ಬಂದರು. ಆ ತಂಗಿಗೂ ಎದೆಯಲ್ಲಿ ಗಂಟು ಕಂಡಿತ್ತು, ಹೈದರಾಬಾದಿನಲ್ಲಿ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಅವಳು ತಡಮಾಡದೆ ತೋರಿಸಿಕೊಂಡದ್ದು ಮನೆಯಾಕೆಯ ಗದ್ದಲದಿಂದಲೇ. ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಎತ್ತಿನ ವ್ಯಾಪಾರಿ. ನನ್ನನ್ನು ಗುರು ಎಂದೇ ತಿಳಿದವನು.

ಮನೆಯಾಕೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ತಂಗಿಗೆ ಹೇಳಿದಳು: 'ಹೆದರಬ್ಯಾಡ. ನಮ್ಮ ಬಳಿಗಾರರ ಹುಡುಗಿ ಅಲ್ಲೇ ಅದಾಳ. ತುಣುಕು ಕೇಳ್ತಾಳ, ಕೊಡು. ನಾ ಕೊಟ್ಟೀನಲ್ಲ.'

'ಕೊಡ್ತೀನಿ ಅಕ್ಕಾ' ಎಂದಳು ತಂಗಿ.

ಷಡ್ಡಕ ನನ್ನ ಕಡೆ ನೋಡಿ ಕಣ್ಣು ಹೊಡೆದ. 'ಕೊಡೋದು ಕೊಡೋಣ್ರಿ ಅಕ್ಕಾರ. ಆದ್ರ ಕೇಳಿದ ಕೂಡ್ಲೇ ಕೊಡೋದೇನು? ಅವರಿಗೆ ಗರಜು ಅದ. ಅಣ್ಣಾರು ಕಲಿಸಿದ್ದೇ ಅದಲ್ಲ. ಜರಾ ಹೊರಗ ಹೋಗಿ ಕೂಡ್ತೀನಿ. ತಾವೇ ಬರ್ತಾರ. ಏನ್ರಿ ಅಣ್ಣಾರ?'

ಎಲ್ಲರೂ ನನ್ನ ಮುಖ ನೋಡಿದರು. ಮನೆಯಾಕೆಯೂ ನೋಡಿದಳು.

ಸುಮ್ಮನೆ 'ಹಂಗ ಮಾಡಬ್ಯಾಡ' ಎಂದರೆ ಸಾಕಾಗುತ್ತದೆ ಎಂದುಕೊಂಡೆ. ಹಾಗೆಯೇ ಅಂದೆ. ಅವನು ಬಿಡಲಿಲ್ಲ. 'ಯಾಕ್ರಿ?'

'ಹೊತ್ತು ಆದ್ರ ಅದು ಕೆಡ್ತದ.'

'ಹೋಗ್ರಿ ಅಣ್ಣಾರ! ನೀವರ ಕೇಳಿದ ಕೂಡ್ಲೇ ಕೊಟ್ಟೀರೇನು? ನಾ ನಂಬಂಗಿಲ್ಲ. ನಿಮ್ಮದು ಕೆಟ್ಟಿತೇನು?'

ಅವನು ನಗುತ್ತಲೇ ಕೇಳಿದ. ಇನ್ನೊಂದು ಸುಳ್ಳು ನನ್ನ ಬಾಯಲ್ಲಿ ತಯಾರಿತ್ತು. ಆದರೆ ಅವನು ಎದ್ದು ಹೊರಡುವುದು ಖಂಡಿತ, ಮೆಟ್ಟಿಲು ಇಳಿಯುವುದು ಖಂಡಿತ. ಯಾಕೆಂದರೆ ಇಳಿಯಲು ಕಲಿಸಿದವನು ನಾನೇ. ಅವನ ಹೆಂಡತಿ 'ಕೊಡ್ತೀನಿ' ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

'ಕೆಟ್ಟಿತು' ಎಂದೆ. 'ನಾ ಚಹಾ ಕುಡ್ಯಾಕ ಹೋಗಿದ್ದೆ. ಬರೋದ್ರಾಗ ಕೆಟ್ಟಿತ್ತು. ಅವರು ತಗೊಳ್ಳಲಿಲ್ಲ.'

ಮೊರದ ಮೇಲಿನ ಕೈ ನಿಂತಿತು. ಷಡ್ಡಕನ ನಗು ಎಲ್ಲಿಗೆ ಹೋಯಿತೋ. ತಂಗಿ ನೆಲ ನೋಡಿದಳು. ಮನೆಯಾಕೆ ಸಾವಕಾಶವಾಗಿ ಒಂದು ಹರಳು ಆರಿಸಿ ಬದಿಗೆ ಎಸೆದು, ಬಹಳ ಶಾಂತವಾಗಿ ಕೇಳಿದಳು:

'ಚಹಾ ಹ್ಯಾಂಗಿತ್ರಿ?'

ನಾನು ಮೊರದತ್ತ ಬಾಗಿ ಇಲ್ಲದ ಹರಳು ಹುಡುಕತೊಡಗಿದೆ. ಅವಳು ಮೊರ ತನ್ನ ಕಡೆ ಎಳೆದುಕೊಂಡು ಮತ್ತೆ ಕೇಳಿದಳು:

'ಮತ್ತ ನೀವು ಹೇಳಿದ್ದೆಲ್ಲ? ಬೀಗ, ಕರೆಂಟು?'

'ಖರೇನ. ಆದ್ರ ಬ್ಯಾರೆಯವರದು.'

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ, ಹೇಗೋ ದಾರಿ ಮಾಡಿಕೊಳ್ಳುತ್ತಿದ್ದೆ. ಮೊರ ಬದಿಗಿಟ್ಟು ತಂಗಿಯ ಕಡೆ ತಿರುಗಿದಳು.

'ಕೇಳು. ನಿನ್ನ ಗಂಡನ್ನ ಎತ್ತಿನ ಕೂಡ ಊರಾಗ ಬಿಡು. ಹೂಂ ಅನ್ನೋದೇನರ ಇದ್ರ ಮೊದಲೇ ಅಂದು ಬಿಡಲಿ. ನಿನ್ನ ಜೋಡಿ ನಾ ಬರ್ತೀನಿ.'

ಷಡ್ಡಕ ಅಲ್ಲೇ, ಕೂತಲ್ಲೇ, 'ಹೂಂ ಅಕ್ಕಾರ, ಹೂಂ' ಎಂದ. ಎತ್ತಿನ ವ್ಯಾಪಾರಿ ಅಷ್ಟು ಬೇಗ ಯಾವುದಕ್ಕೂ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಹೊರಡುವ ದಿನ ಹುಮನಾಬಾದಿನ ಬಸ್‌ಸ್ಟ್ಯಾಂಡಿಗೆ ಅಕ್ಕ-ತಂಗಿಯರನ್ನು ಬಿಡಲು ಹೋದೆ. ನಾನೂ ಬರುತ್ತೇನೆ, ಚೀಲ ಹೊರುತ್ತೇನೆ ಎಂದೆ. 'ನೀವು ಬ್ಯಾಡ್ರಿ' ಎಂದಳು ಮನೆಯಾಕೆ. ಸಿಟ್ಟಿನಿಂದ ಅಲ್ಲ, ಬಾಗಿಲು ಹಾಕಿಕೊಳ್ಳಿರಿ ಎನ್ನುವ ಧ್ವನಿಯಲ್ಲಿ. ಬಾತ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು ಬಸ್ಸು ಹತ್ತಿದಳು. ಅವಳು ನಾನಿಲ್ಲದೆ ಹೈದರಾಬಾದಿನ ಬಸ್ಸು ಹತ್ತಿದ್ದು ಅದೇ ಮೊದಲು.

ಅಲ್ಲಿ ಏನಾಯಿತೆಂದು ನನಗೆ ನೇರವಾಗಿ ಯಾರೂ ಹೇಳಲಿಲ್ಲ. ತಿರುಗಿ ಬಂದ ಮೇಲೆ ಕಲ್ಯಾಣದ ಮನೆಯಲ್ಲಿ ಹೆಂಗಸರ ಮುಂದೆ ಅವಳು ಹೇಳುತ್ತಿದ್ದುದನ್ನು ಪಡಸಾಲೆಯಿಂದ ಕೇಳಿಸಿಕೊಂಡೆ. ತಟ್ಟೆ ಹೊರಗೆ ಬರುವ ಹೊತ್ತಿಗೆ ಇವಳು ಹುಡುಗಿಯ ಪಕ್ಕದಲ್ಲೇ ನಿಂತಿದ್ದಳಂತೆ. 'ಹಾಕು, ಲಗೂ ಹಾಕು' ಎಂದು ಇವಳೇ ಅವಸರ ಮಾಡಿದಳಂತೆ. ಡಬ್ಬಿಯಿಂದ ಹೊಗೆ ಎದ್ದು ಇವಳ ಮುಖಕ್ಕೆ ಬಡಿಯಿತಂತೆ. ಅದನ್ನು ಹೇಳುವಾಗ ಅವಳ ಧ್ವನಿಯಲ್ಲಿ ಎಂಥ ಸಂಭ್ರಮ ಇತ್ತು!

ಪಕ್ಕದ ಮನೆಯ ಮುದುಕಿ ಕೇಳಿದಳು: 'ತಂಗೀದೂ ಕಾಲೇಜ ಸೇರಿತು ಅನ್ನು. ನಿಂದೇನಾತವ್ವಾ, ಪಾಸಾತೇನು?'

'ನಂದು ಕೆಟ್ಟಿತವ್ವ.'

'ಅಯ್ಯ, ಯಾಕ?'

ನಾನು ಕಾದೆ. ಹೇಳಲಿ ಎಂದೇ ಕಾದೆ. ಎಲ್ಲರೆದುರು ಒಮ್ಮೆ ಹೇಳಿಬಿಟ್ಟರೆ ನಾನು ತಲೆ ತಗ್ಗಿಸಿ ಮುಗಿಸಿಬಿಡುತ್ತಿದ್ದೆ.

'ಹೊತ್ತಾತು' ಎಂದಷ್ಟೇ ಹೇಳಿ ಅವಳು ಬೇರೆ ಮಾತು ತೆಗೆದಳು. ಆಮೇಲೆ ಎಷ್ಟೋ ಮಂದಿ ಕೇಳಿದರು. ಅವಳು ಇದ್ದಷ್ಟು ವರ್ಷವೂ ಆ ಒಂದು ಮಾತಿನ ಮೇಲೆ ಇನ್ನೊಂದು ಮಾತು ಹೇಳಲಿಲ್ಲ. ನಾನು ಪ್ರತಿಸಲವೂ ಅಲ್ಲೇ ಕೂತಿರುತ್ತಿದ್ದೆ. 'ತಪ್ಪು ನಂದು' ಎನ್ನಲು ಬಾಯಿ ತೆರೆದರೆ ಅವಳು ಒಮ್ಮೆ ನನ್ನ ಕಡೆ ನೋಡುವಳು, ನಾನು ಬಾಯಿ ಮುಚ್ಚುವೆನು.